ತರಕಾರಿ ಹಾಕಿದ ಬೇಕ್ಡ್ ನೂಡಲ್ಸ್: ಒಣಗದಂತೆ, ನೀರೊಡೆಯದಂತೆ ಮಾಡುವುದು ಹೇಗೆ?

ಕರಿಮೆಣಸು

ಓವನ್‌ನಲ್ಲಿ ಬೇಯಿಸುವ ನೂಡಲ್ಸ್ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಒಂದೋ ಅದು ಒಣಗಿ ಗಟ್ಟಿಯಾಗಿ ಚಾಕುವಿನಿಂದ ಕೊಯ್ಯುವಂತಾಗುತ್ತದೆ, ಇಲ್ಲವೇ ತಟ್ಟೆಗೆ ಬಡಿಸಿದ ಕೂಡಲೇ ಅಡಿಯಿಂದ ನೀರು ಒಸರುತ್ತದೆ. ಎರಡಕ್ಕೂ ಓವನ್ನನ್ನೇ ದೂರುವುದು ವಾಡಿಕೆ. ಆದರೆ ಈ ಅಡುಗೆಯ ಹಣೆಬರಹ ಪಾತ್ರೆ ಓವನ್ನಿನೊಳಗೆ ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೂಡಲ್ಸ್ ಅರೆಬೆಂದಿರಬೇಕು, ಸಾಸ್ ಸಡಿಲವಾಗಿರಬೇಕು, ತರಕಾರಿ ತನ್ನ ನೀರನ್ನು ಮೊದಲೇ ಬಿಟ್ಟುಕೊಟ್ಟಿರಬೇಕು. ಈ ಮೂರು ಸರಿಯಿದ್ದರೆ ಓವನ್ನಿಗೆ ಉಳಿಯುವ ಕೆಲಸ ಬಿಸಿ ಮಾಡುವುದು ಮತ್ತು ಮೇಲ್ಪದರವನ್ನು ಕೆಂಪಗಾಗಿಸುವುದು ಮಾತ್ರ.

ನಾನು ಅನುಸರಿಸುವ ಅಳತೆ ನಾಲ್ಕು ಜನರಿಗೆ ಸಾಕಾಗುತ್ತದೆ. ಗೋಧಿಯ ಒಣ ನೂಡಲ್ಸ್ ಅಥವಾ ಗಿಡ್ಡ ಪಾಸ್ತಾ 250 ಗ್ರಾಂ, ಬೆಣ್ಣೆ 40 ಗ್ರಾಂ, ಮೈದಾ 40 ಗ್ರಾಂ, ಹಾಲು 700 ಮಿಲಿಲೀಟರ್, ತುರಿದ ಚೀಸ್ 200 ಗ್ರಾಂ, ಹೆಚ್ಚಿದ ತರಕಾರಿ ಸುಮಾರು 300 ಗ್ರಾಂ. ಜೊತೆಗೆ ಒಂದು ಈರುಳ್ಳಿ, ಎರಡು ಮೂರು ಎಸಳು ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸಿನ ಪುಡಿ, ಇಷ್ಟವಿದ್ದರೆ ಚಿಟಿಕೆ ಜಾಯಿಕಾಯಿ. ಪಾತ್ರೆ 20ರಿಂದ 23 ಸೆಂಟಿಮೀಟರ್ ಚೌಕದ್ದು, 5 ಸೆಂಟಿಮೀಟರ್ ಆಳದ್ದು.

ಮೊದಲು ತರಕಾರಿ. ಅಗಲ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಬಿಸಿ ಮಾಡಿ, ಈರುಳ್ಳಿ ಬಾಡಿದ ಮೇಲೆ ಬೆಳ್ಳುಳ್ಳಿ ಮತ್ತು ತರಕಾರಿ ಹಾಕಿ ದೊಡ್ಡ ಉರಿಯಲ್ಲಿ ಹುರಿಯಬೇಕು. ಮುಚ್ಚಳ ಹಾಕಬಾರದು. ಅಣಬೆಯ ತೂಕದಲ್ಲಿ ಸುಮಾರು ನೂರಕ್ಕೆ ತೊಂಬತ್ತರಷ್ಟು ನೀರೇ ಇರುತ್ತದೆ. ಅದು ಬಾಣಲೆಯಲ್ಲಿ ಆವಿಯಾಗದಿದ್ದರೆ ನಿಮ್ಮ ಸಾಸ್‌ಗೆ ಇಳಿಯುತ್ತದೆ. ಪಾಲಕ್ ಹಾಕುವುದಾದರೆ ಬಾಡಿಸಿ, ಆರಿಸಿ, ಮುಷ್ಟಿಯಲ್ಲಿ ಹಿಂಡಿ ಹಾಕಿ. ಹೂಕೋಸು, ಬ್ರೊಕೊಲಿ, ಕ್ಯಾರೆಟ್‌ಗಳದ್ದು ತದ್ವಿರುದ್ಧ ಸಮಸ್ಯೆ: ಅವು ಓವನ್ನಿನಲ್ಲಿ ಸಾಕಷ್ಟು ಬೇಯುವುದಿಲ್ಲ, ಆದ್ದರಿಂದ ಮೊದಲೇ ಮುಕ್ಕಾಲು ಬೇಯಿಸಿಕೊಳ್ಳಬೇಕು.

ನೂಡಲ್ಸ್ ಬೇಯಿಸುವ ನೀರಿಗೆ ಲೀಟರಿಗೆ 10 ಗ್ರಾಂನಷ್ಟು ಉಪ್ಪು ಬೇಕು. ಪೊಟ್ಟಣದ ಮೇಲೆ ಬರೆದಿರುವ ಸಮಯಕ್ಕಿಂತ ಮೂರು ನಿಮಿಷ ಮೊದಲೇ ಬಸಿಯಿರಿ. ಒಂದನ್ನು ಕಚ್ಚಿ ನೋಡಿದರೆ ನಡುವೆ ಬಿಳಿಯ ಚುಕ್ಕೆ ಕಾಣಬೇಕು, ಹಲ್ಲಿಗೆ ಸ್ವಲ್ಪ ಗಡುಸು ಸಿಗಬೇಕು.

ಸಾಸ್‌ಗೆ ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಬಣ್ಣ ಬದಲಾಗದಂತೆ ಹುರಿಯಿರಿ. ಹಾಲನ್ನು ಮೊದಲು ಸೌಟು ಸೌಟಾಗಿ ಸೇರಿಸಿ, ಪ್ರತಿ ಸಲವೂ ನುಣ್ಣಗಾಗುವವರೆಗೆ ಕಲಸಿ, ಆಮೇಲೆ ಉಳಿದದ್ದನ್ನು ಸುರಿಯಬಹುದು. ಕುದಿ ಬಂದ ಮೇಲೆ ಇನ್ನೂ ಮೂರು ನಾಲ್ಕು ನಿಮಿಷ ಕೈಯಾಡಿಸುತ್ತಿರಬೇಕು. ಹಸಿ ಹಿಟ್ಟಿನ ರುಚಿ ಹೋಗುವುದು ಆಗಲೇ. ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕ್ಷಣಕಾಲ ನಿಂತು, ಮೇಲಿನ ಅಂಚಿನಿಂದ ಮೆಲ್ಲಗೆ ಇಳಿಯತೊಡಗಬೇಕು. ಗೆರೆ ಕದಲದೆ ನಿಂತುಬಿಟ್ಟರೆ ಸಾಸ್ ಗಟ್ಟಿಯಾಗಿದೆ, ಇನ್ನಷ್ಟು ಹಾಲು ಹಾಕಿ.

ಒಲೆ ಆರಿಸಿ ಒಂದೆರಡು ನಿಮಿಷ ಬಿಟ್ಟು 150 ಗ್ರಾಂ ಚೀಸ್ ಬೆರೆಸಿ. ನೂಡಲ್ಸ್, ತರಕಾರಿ ಸೇರಿಸಿ ಕಲಸಿದಾಗ ‘ಸಾಸ್ ಹೆಚ್ಚಾಯಿತು’ ಎಂದು ಅನ್ನಿಸಬೇಕು. ಸೌಟಿನಿಂದ ನಡುವೆ ದಾರಿ ಮಾಡಿದರೆ ಸಾಸ್ ಹರಿದುಬಂದು ದಾರಿ ಮುಚ್ಚಬೇಕು. ಹಾಗಾಗದಿದ್ದರೆ ಅರ್ಧ ಲೋಟ ಹಾಲನ್ನೋ ಬಸಿದ ನೀರನ್ನೋ ಹಿಂದೆಮುಂದೆ ನೋಡದೆ ಸೇರಿಸಿ.

ಪಾತ್ರೆಗೆ ಹಾಕಿ, ಉಳಿದ ಚೀಸ್ ಉದುರಿಸಿ, 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿದ ಓವನ್ನಿನಲ್ಲಿ 25 ನಿಮಿಷ. ಅಂಚುಗಳಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಆಯಿತೆಂದು ಅರ್ಥ. ಹೊರತೆಗೆದು ಹತ್ತು ನಿಮಿಷ ಮುಟ್ಟಬೇಡಿ.

---

ನೀಲಿಬಟ್ಟಲು

ಬಹಳ ಉಪಯುಕ್ತವಾಗಿದೆ. ಚೀಸ್ ಸೇರಿಸಿದ ಮೇಲೆ ಸಾಸ್ ಮರಳುಮರಳಾಗಿ ಒಡೆದುಹೋಗುವುದಕ್ಕೆ ಕಾರಣವೇನು? ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಎಣ್ಣೆ ಬೇರೆ, ಹರಳು ಬೇರೆಯಾಗಿ ನಿಲ್ಲುತ್ತದೆ.

---

ಹಾಲ್ಗಡಲು

ಶಾಖ ಹೆಚ್ಚಾದದ್ದೇ ಕಾರಣ. ಚೀಸ್ ಎಂದರೆ ಪ್ರೋಟೀನಿನ ಜಾಲ, ಅದರ ನಡುವೆ ಕೊಬ್ಬು ಮತ್ತು ನೀರು. ಕುದಿಯುವ ಸಾಸ್‌ಗೆ ಹಾಕಿದರೆ ಜಾಲ ಬಿಗಿದುಕೊಂಡು ಒಳಗಿನ ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಹಾಕುತ್ತದೆ. ಮೂಲ ಬರಹದಲ್ಲಿ ಒಲೆ ಆರಿಸಿ ಕಾಯಿರಿ ಎಂದಿರುವುದು ಇದಕ್ಕಾಗಿಯೇ. ಒಂದೇ ಸಲ ಸುರಿಯದೆ ಹಿಡಿಹಿಡಿಯಾಗಿ ಹಾಕಿ, ಕರಗಿದ ಮೇಲೆ ಮುಂದಿನದನ್ನು ಸೇರಿಸಿ.

ಯಾವ ಚೀಸ್ ಎಂಬುದೂ ಮುಖ್ಯ. ಬಹುಕಾಲ ಹಣ್ಣಾಗಿಸಿದ ಚೆಡ್ಡಾರ್‌ನಲ್ಲಿ ಪ್ರೋಟೀನ್ ಒಡೆದು ಸಣ್ಣ ತುಂಡುಗಳಾಗಿರುತ್ತದೆ. ಅದಕ್ಕೇ ಅದು ಬೇಗ ಎಣ್ಣೆ ಬಿಡುತ್ತದೆ, ರುಚಿಯೂ ಅದರದ್ದೇ ಹೆಚ್ಚು. ಎಳೆಯ ಚೆಡ್ಡಾರ್ ಅಥವಾ ಮೊಝರೆಲ್ಲಾ ಸಲೀಸಾಗಿ ಕರಗುತ್ತದೆ, ರುಚಿ ಸೌಮ್ಯ. ಎರಡನ್ನೂ ಅರ್ಧರ್ಧ ಬೆರೆಸುವುದು ನನ್ನ ಕ್ರಮ. ಮೊಝರೆಲ್ಲಾ ಒಂದನ್ನೇ ಸಾಸ್‌ಗೆ ಹಾಕಿದರೆ ದಾರದಂತೆ ಎಳೆಯುತ್ತದೆ, ಅದು ಮೇಲ್ಪದರಕ್ಕೇ ಸರಿ.

ತುರಿದೇ ಮಾರುವ ಚೀಸ್‌ಗೆ ಅಂಟಿಕೊಳ್ಳದಿರಲೆಂದು ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ಹಾನಿಯೇನಿಲ್ಲ, ಆದರೆ ಸಾಸ್ ಅಷ್ಟು ನುಣ್ಣಗಾಗುವುದಿಲ್ಲ. ಗಟ್ಟಿ ತುಂಡು ತಂದು ಮನೆಯಲ್ಲೇ ತುರಿಯಿರಿ.

---

ಎಲೆಮರೆ

ಪನೀರ್ ಹಾಕಬಹುದೇ?

---

ಹಾಲ್ಗಡಲು

ಹಾಕಬಹುದು, ಆದರೆ ಅದು ಕರಗುವುದಿಲ್ಲ. ಹುಳಿಯಿಂದ ಹಾಲು ಒಡೆಸಿ ಮಾಡಿದ ಯಾವ ಚೀಸೂ ಬಿಸಿಗೆ ಹರಿಯುವುದಿಲ್ಲ, ರಿಕೊಟ್ಟಾ ಕೂಡ ಅದೇ ಗುಂಪಿನದು. ಆದ್ದರಿಂದ ಚೀಸ್‌ಗೆ ಬದಲಾಗಿ ಅಲ್ಲ, ತರಕಾರಿಯ ಜೊತೆಗೆ ಎಂದು ಲೆಕ್ಕ ಹಾಕಿ. ಸಣ್ಣ ತುಂಡುಗಳನ್ನು ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿದು ಸೇರಿಸಿದರೆ ಕಚ್ಚಲು ಒಂದು ಹಿತವಾದ ಗಡುಸು ಸಿಗುತ್ತದೆ.

---

ತಿಳಿನೀರು

ಶೀರ್ಷಿಕೆಯಲ್ಲಿ ‘ತರಕಾರಿ’ ಎಂದಿರುವುದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕಟ್ಟುನಿಟ್ಟಾಗಿ ಸಸ್ಯಾಹಾರಿಗಳಾಗಿರುವವರು ಚೀಸ್‌ನ ಪೊಟ್ಟಣವನ್ನು ತಿರುಗಿಸಿ ಓದಲೇಬೇಕು. ಹಾಲನ್ನು ಹೆಪ್ಪಾಗಿಸುವ ರೆನೆಟ್ ಎಂಬ ಕಿಣ್ವವನ್ನು ಸಾಂಪ್ರದಾಯಿಕವಾಗಿ ತೆಗೆಯುವುದು ಎಳೆಗರುವಿನ ಹೊಟ್ಟೆಯಿಂದ. ಪಾರ್ಮಿಜಾನೊ ರೆಜ್ಜಾನೊ (ಅಸಲಿ ಪಾರ್ಮೆಸನ್) ಎಂಬ ಹೆಸರಿನಲ್ಲಿ ಮಾರುವ ಇಟಲಿಯ ಚೀಸ್‌ಗೆ ಕರುವಿನ ರೆನೆಟ್ಟೇ ಬಳಸಬೇಕೆಂಬುದು ಅದರ ನಿಯಮ. ಆದ್ದರಿಂದ ಅಸಲಿ ಪಾರ್ಮಿಜಾನೊ ಯಾವತ್ತೂ ಸಸ್ಯಾಹಾರವಲ್ಲ. ಗ್ರಾನಾ ಪದಾನೊ ಕೂಡ ಹಾಗೆಯೇ. ಎಷ್ಟೋ ಪಾಕವಿಧಾನಗಳಲ್ಲಿ ‘ಸಸ್ಯಾಹಾರಿ’ ಎಂದು ಬರೆದು, ಕೊನೆಯ ಸಾಲಿನಲ್ಲಿ ಪಾರ್ಮೆಸನ್ ಉದುರಿಸಿ ಎನ್ನುತ್ತಾರೆ. ಇದು ಓದುಗರಿಗೆ ಮಾಡುವ ಅನ್ಯಾಯ.

ಪರಿಹಾರ ಕಷ್ಟವೇನಲ್ಲ. ಅದೇ ಕಿಣ್ವವನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುವ ವಿಧಾನಕ್ಕೆ ಅಮೆರಿಕದಲ್ಲಿ 1990ರಲ್ಲಿ ಅನುಮತಿ ಸಿಕ್ಕಿತು. ಇಂದು ಬಹಳಷ್ಟು ಚೀಸ್ ಅದರಿಂದಲೇ ತಯಾರಾಗುತ್ತದೆ. ಪೊಟ್ಟಣದ ಮೇಲೆ ‘ಮೈಕ್ರೋಬಿಯಲ್ ರೆನೆಟ್’ ಅಥವಾ ‘ವೆಜಿಟೇರಿಯನ್ ರೆನೆಟ್’ ಎಂದಿದ್ದರೆ ನಿಶ್ಚಿಂತೆ. ಬರೀ ‘ರೆನೆಟ್’ ಎಂದಷ್ಟೇ ಇದ್ದರೆ ನಾನು ಬಿಟ್ಟುಬಿಡುತ್ತೇನೆ.

ಮೊಟ್ಟೆಯನ್ನೂ ತಿನ್ನದವರಿಗೆ ಇನ್ನೊಂದು ಎಚ್ಚರಿಕೆ. ಡುರಮ್ ಗೋಧಿ ರವೆಯಿಂದ ಮಾಡಿದ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ತಾಜಾ ಪಾಸ್ತಾ, ಕೆಲವು ಲಜಾನ್ಯಾ ಹಾಳೆಗಳು, ಹಳದಿ ನೂಡಲ್ಸ್‌ಗಳಲ್ಲಿ ಇರಬಹುದು. ಬಣ್ಣ ನೋಡಿ ನಿರ್ಧರಿಸಬೇಡಿ, ಹಳದಿ ಬಣ್ಣ ಕ್ಷಾರದಿಂದಲೂ ಬರುತ್ತದೆ. ಪದಾರ್ಥಗಳ ಪಟ್ಟಿಯನ್ನೇ ಓದಿ.

---

ಕರಿಮೆಣಸು

ಇದನ್ನು ಬರೆದದ್ದಕ್ಕೆ ತಿಳಿನೀರು ಅವರಿಗೆ ನಿಜವಾಗಿಯೂ ಕೃತಜ್ಞ. ಅತಿಥಿಗಳಿಗೆ ಬಡಿಸುವಾಗ ಈ ಮಾತು ಇನ್ನೂ ಮುಖ್ಯ, ಏಕೆಂದರೆ ತಿನ್ನುವವರಿಗೆ ಪೊಟ್ಟಣ ನೋಡುವ ಅವಕಾಶವೇ ಇರುವುದಿಲ್ಲ.

---

ನೇರದಾರಿ

ನೂಡಲ್ಸನ್ನು ಬೇರೆಯಾಗಿ ಬೇಯಿಸುವ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಒಣಗಿದ್ದನ್ನೇ ಪಾತ್ರೆಗೆ ಸುರಿದು, ತೆಳುವಾದ ಸಾಸ್ ಹೊಯ್ದು, ಮುಚ್ಚಿಟ್ಟರೆ ಓವನ್ನೇ ಬೇಯಿಸುತ್ತದೆ. ಒಂದು ಪಾತ್ರೆ ತೊಳೆಯುವುದು ತಪ್ಪುತ್ತದೆ. ಪಿಷ್ಟವೆಲ್ಲ ಸಾಸಿನೊಳಗೇ ಉಳಿಯುವುದರಿಂದ ಅದು ತಾನಾಗಿಯೇ ಮಂದವಾಗುತ್ತದೆ, ಮೈದಾ ಕೂಡ ಕಡಿಮೆ ಸಾಕು.

---

ಕರಿಮೆಣಸು

ಆಗುತ್ತದೆ, ಅಲ್ಲಗಳೆಯುವುದಿಲ್ಲ. ಷರತ್ತುಗಳನ್ನೂ ಹೇಳಿಬಿಡೋಣ. ಒಣ ಪಾಸ್ತಾ ಬೇಯುವಾಗ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರು ಕುಡಿಯುತ್ತದೆ. ನನ್ನ ಅಳತೆಯಲ್ಲಿ ಆ ನೀರಿನ ಬಹುಪಾಲು ಕುದಿಸುವಾಗಲೇ ಸಿಕ್ಕಿರುತ್ತದೆ. ನಿಮ್ಮ ವಿಧಾನದಲ್ಲಿ ಅದೂ ಸಾಸಿನಿಂದಲೇ ಬರಬೇಕು. ಹಾಗಾಗಿ 250 ಗ್ರಾಂಗೆ ಕಡಿಮೆಯೆಂದರೂ ಕಾಲು ಲೀಟರ್ ದ್ರವ ಹೆಚ್ಚು ಬೇಕು, ಅದು ಕುದಿಯುವಷ್ಟು ಬಿಸಿಯಾಗಿರಬೇಕು, ಪಾತ್ರೆಯನ್ನು ಫಾಯಿಲ್‌ನಿಂದ ಗಾಳಿಯಾಡದಂತೆ ಮುಚ್ಚಬೇಕು, ಸಮಯವೂ 40 ನಿಮಿಷದ ಮೇಲೆ. ಒಂದು ತುಣುಕು ಸಾಸ್‌ನಿಂದ ಮೇಲೆದ್ದು ನಿಂತಿದ್ದರೂ ಅದು ಹಸಿಯಾಗಿಯೇ ಉಳಿದು ಹಲ್ಲಿಗೆ ಚುಚ್ಚುತ್ತದೆ. ಮೊದಲ ಬಾರಿ ಮಾಡುವವರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ.

---

ನೇರದಾರಿ

ಬಿಸಿ ಸಾಸ್, ಗಾಳಿಯಾಡದ ಮುಚ್ಚಿಗೆ, ಇವೆರಡನ್ನೂ ಒಪ್ಪುತ್ತೇನೆ. ನಡುವೆ ಒಮ್ಮೆ ತೆಗೆದು ಕೈಯಾಡಿಸಿದರೆ ಮೇಲೆದ್ದ ತುಣುಕುಗಳ ಸಮಸ್ಯೆಯೂ ಇರುವುದಿಲ್ಲ. ಚೀಸನ್ನು ಆಮೇಲೆಯೇ ಉದುರಿಸಬೇಕು, ಇಲ್ಲವಾದರೆ ಎಲ್ಲ ಫಾಯಿಲ್‌ಗೆ ಅಂಟಿ ಬರುತ್ತದೆ.

---

ಮುಂಗಾರು

ಬೇಯಿಸಿದ ನೂಡಲ್ಸನ್ನು ತಣ್ಣೀರಿನಲ್ಲಿ ತೊಳೆಯಬೇಕೆಂದು ಕೆಲವರು, ಕೂಡದೆಂದು ಕೆಲವರು. ಯಾವುದು ಸರಿ?

---

ಕರಿಮೆಣಸು

ಸಾಸ್ ಸಿದ್ಧವಾಗಿದ್ದರೆ ತೊಳೆಯಬೇಡಿ. ಮೇಲ್ಮೈಯ ಪಿಷ್ಟದಿಂದಲೇ ಸಾಸ್ ನೂಡಲ್ಸ್‌ಗೆ ಹಿಡಿದುಕೊಳ್ಳುವುದು. ತರಕಾರಿ, ಸಾಸ್, ಕೊನೆಗೆ ನೂಡಲ್ಸ್ ಎಂಬ ಕ್ರಮದಲ್ಲಿ ಮಾಡಿದರೆ ಅಂಟುವ ಪ್ರಶ್ನೆಯೇ ಏಳುವುದಿಲ್ಲ, ಬಸಿದ ಕೂಡಲೇ ಸಾಸ್‌ಗೆ ಬೀಳುತ್ತದೆ.

---

ಹಾಲ್ಗಡಲು

ಇಲ್ಲಿ ನನ್ನದು ಸ್ವಲ್ಪ ಭಿನ್ನಮತ. ತೊಳೆದರೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಅರೆಬೆಂದ ನೂಡಲ್ಸ್ ಬೇಕಾಗಿರುವ ಈ ಅಡುಗೆಯಲ್ಲಿ ಅದು ದೊಡ್ಡ ಲಾಭ. ಸಾಸ್‌ನಲ್ಲಿ ಮೈದಾ ಇರುವುದರಿಂದ ಹಿಡಿದುಕೊಳ್ಳಲು ನೂಡಲ್ಸಿನ ಪಿಷ್ಟವನ್ನೇ ನೆಚ್ಚಬೇಕಾಗಿಲ್ಲ. ಸ್ಪಾಗೆಟ್ಟಿಯಂತಹ ಉದ್ದನೆಯದಾದರೆ ತೊಳೆಯದೆ ಐದು ನಿಮಿಷ ಬಿಟ್ಟರೂ ಮುದ್ದೆಯಾಗುತ್ತದೆ.

---

ಕರಿಮೆಣಸು

ಉದ್ದನೆಯ ನೂಡಲ್ಸ್ ವಿಷಯದಲ್ಲಿ ನಿಮ್ಮ ಮಾತು ಒಪ್ಪತಕ್ಕದ್ದೇ. ಆದರೆ ತೊಳೆದ ಮೇಲೆ ನೀರನ್ನು ಚೆನ್ನಾಗಿ ಜಾಡಿಸಿ ತೆಗೆಯಬೇಕು. ಕೊಳವೆಯಾಕಾರದ ಪಾಸ್ತಾದ ಹೊಟ್ಟೆಯಲ್ಲಿ ಸಾಕಷ್ಟು ನೀರು ಕುಳಿತಿರುತ್ತದೆ.

---

ಎಲೆಮರೆ

ಅಕ್ಕಿ ನೂಡಲ್ಸ್‌ನಿಂದ ಮಾಡಿದರೆ?

---

ತಿಳಿನೀರು

ಅಕ್ಕಿಯಲ್ಲಿ ಗ್ಲೂಟನ್ ಇಲ್ಲ, ಹಿಡಿದಿಡುವ ಜಾಲವಿಲ್ಲ. ಕುದಿಸಲೇಬೇಡಿ. ಬಿಸಿನೀರಿನಲ್ಲಿ ಬಾಗುವಷ್ಟು ನೆನೆಸಿ ಬಸಿದು, ಓವನ್ನಿನಲ್ಲಿ 15 ನಿಮಿಷಕ್ಕಿಂತ ಹೆಚ್ಚು ಇಡದಿದ್ದರೆ ಎಳೆಗಳು ಎಳೆಗಳಾಗಿಯೇ ಉಳಿಯುತ್ತವೆ. ಗ್ಲೂಟನ್ ಬಿಟ್ಟವರಿಗಾದರೆ ಸಾಸ್‌ಗೂ ಮೈದಾ ಬೇಡ. 700 ಮಿಲಿಲೀಟರ್ ಹಾಲಿಗೆ ಸುಮಾರು 20 ಗ್ರಾಂ ಕಾರ್ನ್‌ಫ್ಲೋರ್ ಸಾಕು, ಅದರ ಮಂದವಾಗಿಸುವ ಶಕ್ತಿ ಮೈದಾದ ಇಮ್ಮಡಿ. ತಣ್ಣನೆಯ ಹಾಲಿನಲ್ಲಿ ಕಲಸಿಕೊಂಡು ಬಿಸಿ ಹಾಲಿಗೆ ಸೇರಿಸಿ.

ದಿಢೀರ್ ನೂಡಲ್ಸ್ ಬಗ್ಗೆಯೂ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಅದು ಕಾರ್ಖಾನೆಯಲ್ಲೇ ಹಬೆಯಲ್ಲಿ ಬೆಂದು, ಹೆಚ್ಚಾಗಿ ಎಣ್ಣೆಯಲ್ಲಿ ಕರಿದು ಒಣಗಿಸಿದ್ದು. ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಧಾರಾಳ.

---

ಮುಂಗಾರು

ಹಾಲಿನ ಸಾಸ್ ಬದಲು ಟೊಮೇಟೊ ಸಾಸ್ ಹಾಕುವುದಾದರೆ ಅಳತೆ ಬದಲಾಗುತ್ತದೆಯೇ? ಮನೆಯಲ್ಲಿ ಒಬ್ಬರಿಗೆ ಹಾಲು ಆಗುವುದಿಲ್ಲ.

---

ಕರಿಮೆಣಸು

ಬದಲಾಗುತ್ತದೆ. ಟೊಮೇಟೊ ಸಾಸಿನಲ್ಲಿ ನೀರನ್ನು ಹಿಡಿದಿಡುವ ಪಿಷ್ಟವಿಲ್ಲ, ಆದ್ದರಿಂದ ಅದು ನೂಡಲ್ಸಿನೊಳಗೆ ಬೇಗ ಇಳಿದು ಮೇಲ್ಭಾಗ ಒಣಗುತ್ತದೆ. 250 ಗ್ರಾಂ ನೂಡಲ್ಸ್‌ಗೆ 800 ಗ್ರಾಂ ಟೊಮೇಟೊ ತೆಗೆದುಕೊಂಡು, ಈರುಳ್ಳಿ, ಬೆಳ್ಳುಳ್ಳಿ, ಮೂರು ಚಮಚ ಎಣ್ಣೆಯೊಂದಿಗೆ 20 ನಿಮಿಷ ಕುದಿಸಿ. ಎಣ್ಣೆ ಕಡಿಮೆ ಮಾಡಬೇಡಿ, ಚೀಸ್ ಇಲ್ಲದಿದ್ದಾಗ ಮೈತುಂಬಿದ ರುಚಿ ಕೊಡುವುದು ಎಣ್ಣೆಯೇ. ಬದನೆಕಾಯಿಯನ್ನು ತುಂಡು ಮಾಡಿ ಕಂದುಬಣ್ಣಕ್ಕೆ ಹುರಿದು ಸೇರಿಸಿದರೆ ಈ ಸಾಸಿಗೆ ಸೊಗಸಾಗಿ ಹೊಂದುತ್ತದೆ. ಮೊದಲ ಇಪ್ಪತ್ತು ನಿಮಿಷ ಮುಚ್ಚಿ, ಆಮೇಲೆ ಹತ್ತು ನಿಮಿಷ ತೆರೆದು ಬೇಯಿಸಿ. ಫಾಯಿಲ್ ಸಾಸನ್ನು ಮುಟ್ಟದಂತೆ ಸ್ವಲ್ಪ ಎತ್ತರಿಸಿ ಮುಚ್ಚಿ, ಟೊಮೇಟೊದ ಹುಳಿ ಅಲ್ಯೂಮಿನಿಯಂನೊಂದಿಗೆ ವರ್ತಿಸುತ್ತದೆ.

ಚೀಸ್ ಜಾಗದಲ್ಲಿ ಬ್ರೆಡ್ ಪುಡಿ. ಒರಟಾಗಿ ಪುಡಿ ಮಾಡಿದ್ದು ಒಂದು ಬಟ್ಟಲು, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ. ಬೆರಳ ತುದಿಯಿಂದ ತಿಕ್ಕಿ ಪ್ರತಿ ಪುಡಿಗೂ ಎಣ್ಣೆ ತಾಗಿಸಿ. ಎಣ್ಣೆ ತಾಗದ ಪುಡಿ ಕೆಂಪಾಗುವ ಮೊದಲೇ ಒಣಗಿ ಬಾಯಿಗೆ ಧೂಳಿನಂತೆ ಸಿಗುತ್ತದೆ.

---

ನೀಲಿಬಟ್ಟಲು

ಬ್ರೆಡ್ ಪುಡಿಯನ್ನು ಹಾಲಿನ ಸಾಸಿನ ಮೇಲೂ ಹಾಕುತ್ತೇನೆ. ಕೆಳಗಿನ ಮೆತ್ತಗಿನ ಪದರಕ್ಕೂ ಮೇಲಿನ ಗರಿಗರಿ ಪದರಕ್ಕೂ ಇರುವ ಜೋಡಿಯೇ ಈ ಅಡುಗೆಯ ಸುಖ. ಚೀಸಿನ ಜೊತೆ ಬೆರೆಸಿ ಉದುರಿಸಿದರೆ ಎರಡೂ ಒಟ್ಟಿಗೆ ಕೆಂಪಗಾಗುತ್ತವೆ.

---

ಬೆಳಕಿಂಡಿ

ನನ್ನಲ್ಲಿ ಓವನ್ ಇಲ್ಲ. ಮೈಕ್ರೋವೇವ್ ಮಾತ್ರ ಇದೆ. ಆಸೆ ಬಿಡಬೇಕೇ?

---

ನೇರದಾರಿ

ಖಂಡಿತ ಬೇಡ. ಮೊದಲು ನಿಮ್ಮ ಮೈಕ್ರೋವೇವ್‌ನಲ್ಲಿ ಕನ್ವೆಕ್ಷನ್ ವ್ಯವಸ್ಥೆ ಇದೆಯೇ ನೋಡಿ. ಇದ್ದರೆ ಅದು ಸಣ್ಣ ಓವನ್ನೇ. ಫ್ಯಾನ್ ಗಾಳಿಯನ್ನು ಸುತ್ತಿಸುವುದರಿಂದ 180ರ ಬದಲು 160 ಡಿಗ್ರಿ ಇಟ್ಟುಕೊಳ್ಳಿ. ಬರೀ ಮೈಕ್ರೋವೇವ್ ಆಗಿದ್ದರೆ ಬಿಸಿಯಾಗುತ್ತದೆ, ಚೀಸ್ ಕರಗುತ್ತದೆ, ಆದರೆ ಕೆಂಪಾಗುವುದಿಲ್ಲ. ಕೆಂಬಣ್ಣ ಬರಲು ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು, ತೇವ ಇರುವವರೆಗೆ ಅದು 100ರ ಆಚೆ ಹೋಗುವುದಿಲ್ಲ.

ಅದಕ್ಕಿಂತ ಒಲೆಯೇ ವಾಸಿ. ದಪ್ಪ ತಳದ ಬಾಣಲೆಗೆ ಬೆಣ್ಣೆ ಸವರಿ, ಕಲಸಿದ ನೂಡಲ್ಸ್ ಹಾಕಿ, ಬಿಗಿಯಾದ ಮುಚ್ಚಳ ಮುಚ್ಚಿ, ಅತ್ಯಂತ ಸಣ್ಣ ಉರಿಯಲ್ಲಿ 15 ನಿಮಿಷ. ತಳ ಹೊಂಬಣ್ಣಕ್ಕೆ ತಿರುಗಿ ಗರಿಯಾಗುತ್ತದೆ. ಮುಚ್ಚಳದ ಒಳಗೆ ಕಟ್ಟಿದ ಹನಿಗಳು ಕೆಳಗೆ ಬೀಳದಂತೆ ನಡುನಡುವೆ ಒರೆಸಿ. ಬ್ರೆಡ್ ಪುಡಿಯನ್ನು ಬೇರೆ ಬಾಣಲೆಯಲ್ಲಿ ಹುರಿದಿಟ್ಟುಕೊಂಡು ಬಡಿಸುವಾಗ ಮೇಲೆ ಹರಡಿದರೆ ಗರಿಗರಿ ಮೇಲೂ ಸಿಗುತ್ತದೆ, ಕೆಳಗೂ ಸಿಗುತ್ತದೆ.

---

ಬೆಳಕಿಂಡಿ

ತುಂಬಾ ಧನ್ಯವಾದ. ಬಾಣಲೆಯ ದಾರಿಯನ್ನೇ ಹಿಡಿಯುತ್ತೇನೆ.

---

ಮುಂಗಾರು

ಕೊನೆಯ ಪ್ರಶ್ನೆ. ಹಿಂದಿನ ದಿನವೇ ಜೋಡಿಸಿಟ್ಟು ಮರುದಿನ ಬೇಯಿಸಬಹುದೇ? ಉಳಿದದ್ದನ್ನು ಎಷ್ಟು ದಿನ ಇಡಬಹುದು?

---

ಕರಿಮೆಣಸು

ಜೋಡಿಸಿಡಬಹುದು, ಆದರೆ ರಾತ್ರಿಯಿಡೀ ನೂಡಲ್ಸ್ ಸಾಸ್ ಕುಡಿಯುತ್ತಲೇ ಇರುತ್ತದೆ. ಅದಕ್ಕೆ ಹಾಲನ್ನು 150 ಮಿಲಿಲೀಟರ್ ಹೆಚ್ಚಿಸಿ. ನೂಡಲ್ಸ್ ಮತ್ತು ಸಾಸ್ ಎರಡೂ ತಣಿದ ಮೇಲೆ ಬೆರೆಸಿದರೆ ಇನ್ನೂ ಒಳ್ಳೆಯದು, ಬಿಸಿಯಲ್ಲಿ ಬೆರೆಸಿದರೆ ಹೀರುವುದು ಹೆಚ್ಚು. ಬ್ರೆಡ್ ಪುಡಿಯನ್ನು ಮಾತ್ರ ಬೇಯಿಸುವ ಹೊತ್ತಿಗೇ ಉದುರಿಸಿ. ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ಕಾದ ಓವನ್ನಿಗೆ ನೇರವಾಗಿ ಇಡಬಾರದು, ಬಿರಿಯುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಮುಚ್ಚಿ 20 ನಿಮಿಷ, ತೆರೆದು 15 ನಿಮಿಷ ಬೇಯಿಸಿ. ಕೊನೆಯಲ್ಲಿ ಗ್ರಿಲ್ ಹಚ್ಚುವ ಆಲೋಚನೆಯಿದ್ದರೆ ಗಾಜು ಬೇಡ, ಲೋಹದ ಪಾತ್ರೆಯೇ ಸರಿ. ಎರಡು ನಿಮಿಷ ಸಾಕು, ಓವನ್ ಮುಂದೆಯೇ ನಿಂತಿರಬೇಕು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ಇಡಬಹುದು. ಬಿಸಿ ಮಾಡುವಾಗ ಪ್ರತಿ ಪಾಲಿಗೂ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ನಡುಭಾಗ ಹೊಗೆಯಾಡುವವರೆಗೆ ಕಾಯಿಸಿ.

---

ಹಾಲ್ಗಡಲು

ಒಂದು ಸೇರ್ಪಡೆ. ಹೆಚ್ಚು ಜನರಿಗೆಂದು ಅಳತೆಯನ್ನು ಇಮ್ಮಡಿ ಮಾಡುವಾಗ ಅದೇ ಪಾತ್ರೆಯಲ್ಲಿ ಎತ್ತರ ತುಂಬಬೇಡಿ. ನಡುಭಾಗ ಬಿಸಿಯಾಗುವಷ್ಟರಲ್ಲಿ ಅಂಚು ಒಣಗಿರುತ್ತದೆ. ಎರಡು ಪಾತ್ರೆಗಳಿಗೆ ಹಂಚಿ, ಓವನ್ನಿನ ಮೇಲಿನ ಮತ್ತು ಕೆಳಗಿನ ಅಂಕಣದಲ್ಲಿಟ್ಟು, ಅರ್ಧ ಸಮಯ ಕಳೆದಾಗ ಜಾಗ ಬದಲಿಸಿ.